ಉಪಕಾರದ ಪುಸ್ತಕದಲ್ಲೊಂದು ಸಾಲು

ಕಳೆದ ವಾರ ಮಾರೇನಹಳ್ಳಿಯ ಒಂದು ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಹೋಗುವವರ ಹೆಸರು ಬರೆದಿಡಲು ವಾಚ್‌ಮನ್‌ಗೆ ಒಂದು ರಿಜಿಸ್ಟರ್ ಬೇಕಿತ್ತು. ಅಂಗಡಿಯವರು ಏಣಿ ಹತ್ತಿ, ಮೇಲಿನ ಅಟ್ಟದಿಂದ ಕೆಂಪು ಬಟ್ಟೆಯ ಬೆನ್ನಿನ ಉದ್ದ ಪುಸ್ತಕವೊಂದನ್ನು ಇಳಿಸಿ ಧೂಳು ಹೊಡೆದರು. ‘ಇದನ್ನ ಈಗ ಯಾರೂ ಕೇಳಲ್ಲ ಮೇಡಂ, ಎಲ್ಲಾ ಆ್ಯಪಲ್ಲೇ’ ಎಂದರು. ಪುಸ್ತಕ ತೆರೆದೆ. ಒಣಗಿದ ಅಂಟು, ಬೈಂಡಿಂಗ್ ಬಟ್ಟೆ, ಬಹಳ ದಿನ ಮುಚ್ಚಿಟ್ಟ ಕಾಗದ… ಮೂರೂ ಸೇರಿದ ವಾಸನೆ ಮುಖಕ್ಕೆ ಬಂತು. ಅಂಗಡಿಯವರು ಬೆಲೆ ಹೇಳಿದ್ದು ನನಗೆ ಕೇಳಿಸಲಿಲ್ಲ. ಎರಡನೇ ಸಲ ಕೇಳಿದೆ.

ಅಂಥದೇ ಒಂದು ಪುಸ್ತಕ ನಾನು ಕೆಲಸ ಮಾಡಿದ ಶಾಲೆಯ ಸ್ಟಾಫ್ ರೂಮಿನಲ್ಲಿ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಇರುತ್ತಿತ್ತು. ಅದನ್ನು ಇಟ್ಟವರು ನಮ್ಮ ಹೆಡ್ ಮಾಸ್ಟರ್.

ಪತ್ರಿಕೆಗೆ ಸೇರುವ ಮೊದಲು ನಾನು ಎರಡು ವರ್ಷ ಕನ್ನಡ ಟೀಚರ್ ಆಗಿದ್ದೆ. ಕೆಂಗೇರಿ ಉಪನಗರ ದಾಟಿ ಸ್ವಲ್ಪ ಒಳಕ್ಕೆ ಹೋದರೆ ಆ ವಸತಿ ಶಾಲೆ ಸಿಗುತ್ತಿತ್ತು. ಮೆಟ್ರೊ ಇನ್ನೂ ಆ ಕಡೆ ಬಂದಿರಲಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸಿಳಿದು, ಷೇರ್ ಆಟೋ ಹಿಡಿದು, ಕೊನೆಯ ಅರ್ಧ ಕಿಲೋಮೀಟರ್ ನಡೆಯಬೇಕಿತ್ತು. ಇನ್ನೂರೈವತ್ತು ಹುಡುಗರು, ಎರಡು ಅಂತಸ್ತಿನ ಹಾಸ್ಟೆಲ್, ಒಂದು ಅಡುಗೆಮನೆ, ತಗಡಿನ ಸೂರಿನ ಪ್ರಾರ್ಥನಾ ಮಂದಿರ.

ಹೆಡ್ ಮಾಸ್ಟರ್ ದಾವಣಗೆರೆ ಕಡೆಯವರು. ಬೇರೊಂದು ಶಾಲೆಯಲ್ಲಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಹಣೆಯಲ್ಲಿ ತೆಳ್ಳಗೆ ವಿಭೂತಿ, ತೋಳು ಮಡಚಿದ ಬಿಳಿ ಷರ್ಟು, ಜೇಬಿನಲ್ಲಿ ಕೆಂಪು ಪೆನ್ನು. ಮೀಸೆ ಇರಲಿಲ್ಲ. ನಗುವುದು ಕಡಿಮೆ. ಹುಡುಗರು ಅವರನ್ನು ಎಚ್ಚೆಮ್ಮು ಎನ್ನುತ್ತಿದ್ದರು. ಅವರ ಕೆಲಸವನ್ನು ಆಡಳಿತ ಮಂಡಳಿ ವರ್ಷ ವರ್ಷವೂ ಮುಂದುವರಿಸಬೇಕಿತ್ತು. ಆ ಕಾಗದಕ್ಕೆ ಸಹಿ ಹಾಕುವವರು ಕಾರ್ಯದರ್ಶಿ.

ಬೇಸಿಗೆ ರಜೆ ಶುರುವಾಗುವ ದಿನ ಆ ಶಾಲೆಯಲ್ಲಿ ವಾರ್ಷಿಕೋತ್ಸವ, ಡಾನ್ಸು, ಬಹುಮಾನ ಏನೂ ನಡೆಯುತ್ತಿರಲಿಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಯರನ್ನು ಮಂದಿರದಲ್ಲಿ ಕೂರಿಸಿ, ಹೆಡ್ ಮಾಸ್ಟರ್ ಒಂದು ಗಂಟೆ ಕೃತಜ್ಞತೆ ಓದುತ್ತಿದ್ದರು. ಅಷ್ಟೇ. ಅದು ಅವರೇ ತಂದ ಪದ್ಧತಿ. ಆ ವರ್ಷ ಶಾಲೆಯ ಯಾವುದೇ ಮನುಷ್ಯ ಇನ್ನೊಬ್ಬರಿಗೆ ಮಾಡಿದ ಉಪಕಾರ ಆ ಪಟ್ಟಿಯಲ್ಲಿ ಬರುತ್ತಿತ್ತು. ಹೆಸರು ಕರೆಸಿಕೊಂಡವರು ಎದ್ದು ನಿಲ್ಲಬೇಕು. ಅವರು ನಿಂತರೆ ಇಡೀ ಶಾಲೆ ನಿಲ್ಲಬೇಕು. ಅವರು ಕೂತ ಮೇಲೆ ಎಲ್ಲರೂ ಕೂರಬೇಕು. ಚಪ್ಪಾಳೆ ಇಲ್ಲ.

ಪಟ್ಟಿ ಹುಟ್ಟುತ್ತಿದ್ದದ್ದು ಆ ಕೆಂಪು ಬೆನ್ನಿನ ಪುಸ್ತಕದಿಂದ. ಅದಕ್ಕೆ ಅವರು ಇಟ್ಟ ಹೆಸರು ಉಪಕಾರದ ಪುಸ್ತಕ. ಹುಡುಗರ ಬಾಯಲ್ಲಿ ಅದು ಥ್ಯಾಂಕ್ಸ್ ಬುಕ್ಕು. ಯಾರು ಬೇಕಾದರೂ ಬಂದು ಬರೆಯಬಹುದಿತ್ತು. ಯಾರು, ಯಾರಿಗೆ, ಏನು ಮಾಡಿದರು, ಯಾವಾಗ. ಗುಣವಾಚಕ ಇರಕೂಡದು. ‘ಪ್ರೀತಿಯಿಂದ’, ‘ನಿಸ್ವಾರ್ಥವಾಗಿ’ ಎಂದೆಲ್ಲ ಬರೆದಿದ್ದರೆ ಅವರ ಕೆಂಪು ಪೆನ್ನು ಅದರ ಮೇಲೆ ಹಾಯುತ್ತಿತ್ತು. ಪ್ರತಿ ಸಾಲಿಗೂ ಇಬ್ಬರು ಸಾಕ್ಷಿ ಬೇಕು. ಬರೆದವರು ಮತ್ತು ಉಪಕಾರ ಮಾಡಿದವರು ಸಾಕ್ಷಿ ಆಗುವಂತಿಲ್ಲ. ವರ್ಷದ ಕೊನೆಯಲ್ಲಿ ಒಬ್ಬ ಟೀಚರ್ ಪುಸ್ತಕ ಹಿಡಿದು, ಒಂದೊಂದೇ ಸಾಲನ್ನು ವಿಚಾರಿಸಿ, ಸಾಕ್ಷಿಗಳ ಸಹಿ ಪಡೆದು, ಶುದ್ಧ ಪ್ರತಿ ಮಾಡಬೇಕು. ಎರಡನೇ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು.

‘ನೋಡ್ರಿ ಮೇಡಂ’ ಎಂದಿದ್ದರು ಅವರು, ‘ಸುಮ್ನ ಹೊಗಳಿದ್ರ ಕೇಳ್ದೋರಿಗೆ ನಿದ್ದಿ ಬರ್ತದ. ಏನ್ ಮಾಡಿದ್ರು ಅಂತ ಹೇಳ್ರಿ, ಸಾಕು.’

ವರದಿಗಾರಿಕೆಯ ಮೊದಲ ಪಾಠ ನನಗೆ ಆದದ್ದು ಪತ್ರಿಕೆಯ ಕಚೇರಿಯಲ್ಲಿ ಅಲ್ಲ. ಅಲ್ಲಿ, ಆ ಕಿಟಕಿಯ ಪಕ್ಕ.

ಹುಡುಗರು ಅದನ್ನು ತಮಾಷೆಗೂ ಬಳಸುತ್ತಿದ್ದರು. ಒಂದು ಮಧ್ಯಾಹ್ನ ಹತ್ತನೇ ತರಗತಿಯ ಇಬ್ಬರು ಪುಸ್ತಕದ ಮುಂದೆ ನಿಂತು ಜಗಳಾಡುತ್ತಿದ್ದರು.

‘ಮಗಾ, ನಿನ್ ಹೆಸರು ಬರೀಲಾ? ವರ್ಷವಿಡೀ ಸ್ನಾನ ಮಾಡದೆ ಶಾಲೆಗೆ ನೀರು ಉಳಿಸಿದ್ದಕ್ಕೆ?’

‘ಬರಿ ಗುರು, ಸಾಕ್ಷಿಗೆ ಯಾರು ಸಿಗ್ತಾರೆ? ನನ್ ಹತ್ರ ಬರೋಕೇ ಯಾರೂ ಒಪ್ಪಲ್ಲ.’

ನನ್ನನ್ನು ಕಂಡು ಓಡಿದರು. ಆದರೆ ಆ ಬೇಸಿಗೆಯಲ್ಲಿ ನೀರಿನ ವಿಷಯ ತಮಾಷೆಯಾಗಿ ಉಳಿಯಲಿಲ್ಲ.

ಫೆಬ್ರವರಿಯಲ್ಲಿ ಹಾಸ್ಟೆಲಿನ ಪಂಪ್ ಸುಟ್ಟುಹೋಯಿತು. ಟ್ಯಾಂಕರ್ ಬಂದು ಕೆಳಗಿನ ಸಂಪಿಗೆ ನೀರು ತುಂಬುತ್ತಿತ್ತು, ಮೇಲಿನ ತೊಟ್ಟಿಗೆ ಏರಿಸಲು ದಾರಿ ಇರಲಿಲ್ಲ. ಹೆಡ್ ಮಾಸ್ಟರ್ ಹುಡುಗರನ್ನು ಸಂಪಿನಿಂದ ತಾರಸಿಯವರೆಗೆ ಹೊರಗಿನ ಮೆಟ್ಟಿಲ ಉದ್ದಕ್ಕೂ ನಿಲ್ಲಿಸಿ, ಕೈಯಿಂದ ಕೈಗೆ ಬಕೆಟ್ ದಾಟಿಸಿದರು. ತಾವು ಕೆಳಗೆ ನಿಂತು ಎಣಿಸುತ್ತಿದ್ದರು. ಅದು ಅವರಿಗೆ ಹೆಮ್ಮೆಯ ವಿಷಯ. ಎಲ್ಲರ ನೀರು, ಎಲ್ಲರ ಕೈ ಎನ್ನುತ್ತಿದ್ದರು. ತಾರಸಿಗೆ ಹೋಗುವ ಕೊನೆಯ ಹತ್ತು ಮೆಟ್ಟಿಲಿಗೆ ಕಂಬಿ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ ನಾನು ಏಳನೇ ತರಗತಿಯಲ್ಲಿ ಪದ್ಯ ಓದಿಸುತ್ತಿದ್ದೆ. ಬಕೆಟ್ ಒಂದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳುವ ಸದ್ದು ಕೇಳಿಸಿತು. ನಿಂತಿತು. ಆಮೇಲೆ ಯಾರೂ ಕೂಗಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು. ನಾನು ಓಡಿ ಹೋಗುವಷ್ಟರಲ್ಲಿ ಎಂಟನೇ ತರಗತಿಯ ಹುಡುಗನೊಬ್ಬನನ್ನು ಎತ್ತಿಕೊಂಡು ಹೋಗಿದ್ದರು. ಬಲ ಮೊಣಕೈ ಮುರಿದಿತ್ತು. ತಲೆಗೆ ಏನೂ ಆಗಿರಲಿಲ್ಲ.

ಸಂಜೆಯ ಹೊತ್ತಿಗೆ ಅಪಘಾತದ ರಿಜಿಸ್ಟರಿನಲ್ಲಿ ‘ಕಬಡ್ಡಿ ಆಡುವಾಗ ಬಿದ್ದು ಪೆಟ್ಟಾಗಿದೆ’ ಎಂದು ದಾಖಲಾಗಿತ್ತು. ಅಕ್ಷರ ಕಾರ್ಯದರ್ಶಿಯವರದು. ಕೆಳಗಿನ ಸಹಿ ಹೆಡ್ ಮಾಸ್ಟರರದು. ಬಕೆಟ್ ಸಾಲಿನಲ್ಲಿದ್ದ ಹುಡುಗರನ್ನು ಕಾರ್ಯದರ್ಶಿ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದರು. ಮಾರನೆಯ ದಿನ ಎಲ್ಲರ ಬಾಯಲ್ಲೂ ಕಬಡ್ಡಿ.

ಹುಡುಗನ ತಾಯಿ ಶಿರಾ ಕಡೆಯಿಂದ ಬಸ್ಸಿನಲ್ಲಿ ಬಂದರು. ಮಗನೂ ಕಬಡ್ಡಿ ಎಂದೇ ಹೇಳಿದ. ಅವರು ಅವನನ್ನು ಸ್ವಲ್ಪ ಹೊತ್ತು ನೋಡಿ, ಸಿಕ್ ರೂಮಿನಿಂದ ಹೊರಗೆ ಬಂದು, ಬಾಗಿಲಲ್ಲಿ ನಿಂತಿದ್ದ ಮೇಟ್ರನ್‌ರನ್ನು ಕೇಳಿದರಂತೆ: ‘ನನ್ನ ಮಗ ಕಬಡ್ಡಿ ಆಡೋನೇ ಅಲ್ಲ ಕಣಮ್ಮಾ. ನೀವಾದ್ರೂ ನಿಜ ಹೇಳಿ.’

ಮೇಟ್ರನ್ ಚನ್ನಪಟ್ಟಣದ ಕಡೆಯವರು, ನಲವತ್ತರ ಆಸುಪಾಸು. ಗಂಡ ಇರಲಿಲ್ಲ. ಹಾಸ್ಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಮಗಳೊಂದಿಗೆ ಇದ್ದರು. ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಜ್ವರ ಬಂದ ಹುಡುಗರ ಹಣೆಗೆ ಒದ್ದೆ ಬಟ್ಟೆ ಹಾಕುವವರು, ಮನೆ ನೆನಪಾಗಿ ಅಳುವವರನ್ನು ‘ಸಾಕು ನಿಲ್ಸೋ ನಿನ್ ನಲ್ಲಿನ’ ಎಂದು ಗದರಿ ನಗಿಸುವವರು ಅವರೇ. ಅವರು ತಾಯಿಗೆ ನಿಜ ಹೇಳಿದರು. ಕಂಬಿ ಇಲ್ಲದ ಮೆಟ್ಟಿಲು, ನೀರು, ಬಕೆಟ್ ಎಲ್ಲವನ್ನೂ.

ತಾಯಿ ಆಫೀಸಿಗೆ ಹೋಗಿ ಜೋರಾಗಿ ಕೇಳಿದರು. ಕಾರ್ಯದರ್ಶಿ ರಿಜಿಸ್ಟರ್ ತೋರಿಸಿದರು. ಪರೀಕ್ಷೆ ಹತ್ತಿರವಿತ್ತು, ಅವರು ಮಗನನ್ನು ಬಿಟ್ಟು ಹೋಗಬೇಕಾಯಿತು. ಹದಿನೈದು ದಿನದ ನಂತರ ಮೇಟ್ರನ್ ಕೈಗೆ ಒಂದು ಪತ್ರ ಬಂತು. ಪೋಷಕರಲ್ಲಿ ಸುಳ್ಳು ಹಬ್ಬಿಸಿದ್ದರಿಂದ ಬೇಸಿಗೆ ರಜೆಯ ನಂತರ ಅವರು ಕೆಲಸಕ್ಕೆ ಬರಬೇಕಿಲ್ಲ. ಕೋಣೆಯನ್ನೂ ಬಿಡಬೇಕು.

ಏಪ್ರಿಲ್ ಮೊದಲ ವಾರ ನಾನು ಉಪಕಾರದ ಪುಸ್ತಕ ಹಿಡಿದು ಕೂತೆ. ಅಡುಗೆಯವರು ಮಂಗನಬಾವು ಬಂದ ಏಳು ಜನಕ್ಕೆ ನಾಲ್ಕು ದಿನ ಬೇರೆ ಗಂಜಿ ಮಾಡಿದ್ದು, ಗಣಿತದ ಮೇಷ್ಟ್ರು ಒಬ್ಬ ಹುಡುಗನ ತಂದೆಗೆ ಕನ್ನಡಕದ ಅಂಗಡಿವರೆಗೆ ದಾರಿ ತೋರಿಸಿದ್ದು… ಇಂಥವು. ಫೆಬ್ರವರಿಯ ಪುಟದ ಕೊನೆಯಲ್ಲಿ, ಗೆರೆ ಬಿಟ್ಟು ಮೇಲೆ ಕೆಳಗೆ ಹೋದ ದೊಡ್ಡ ಅಕ್ಷರಗಳಲ್ಲಿ ಒಂದು ಸಾಲು ಇತ್ತು.

‘ಮೇಟ್ರನ್ ಆಂಟಿ ನನ್ನ ಅಮ್ಮನಿಗೆ ನಿಜ ಹೇಳಿದರು.’

ಎಡಗೈಯಲ್ಲಿ ಬರೆದದ್ದು. ಯಾರದೆಂದು ಕೇಳಬೇಕಿರಲಿಲ್ಲ. ಆದರೂ ಕೇಳಿದೆ. ಹುಡುಗ ಪ್ಲಾಸ್ಟರ್ ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತು, ‘ನಾನೇ ಮಿಸ್. ಗುಣವಾಚಕ ಹಾಕಿಲ್ಲ’ ಎಂದ.

ನಿಯಮ ನಿಯಮವೇ. ಹುಡುಗ ಮೆಟ್ಟಿಲಿನಿಂದ ಬಿದ್ದದ್ದನ್ನು ಕಂಡ ಸಾಕ್ಷಿ ಹುಡುಕಿದೆ. ಬಕೆಟ್ ಸಾಲಿನ ಹುಡುಗರು ‘ಕಬಡ್ಡಿ ಮಿಸ್’ ಎಂದು ನೆಲ ನೋಡಿದರು. ಅಡುಗೆಯವರು ಮಾತ್ರ ಸಾರಿನ ಸೌಟು ಕೆಳಗಿಟ್ಟು, ‘ನಾನು ಅಡ್ಗೆಮನೆ ಬಾಗ್ಲಲ್ಲೇ ನಿಂತಿದ್ದೆ. ಮೆಟ್ಲಿಂದ ಬಿದ್ದ. ಎಲ್ಲಿ ಹಾಕ್ಬೇಕು ಸಹಿ?’ ಎಂದು ಕೇಳಿದರು. ಒಂದು ಸಿಕ್ಕಿತು.

ಮೇಟ್ರನ್‌ರನ್ನೂ ವಿಚಾರಿಸಿದೆ. ಅವರು ಒಗೆದ ದುಪ್ಪಟಿಗಳನ್ನು ಮಡಚುತ್ತಿದ್ದರು. ‘ನೀವು ಆ ತಾಯಿಗೆ ಹೇಳಿದ್ದು ನಿಜಾನಾ?’

‘ಹೇಳಿದ್ದು ನಿಜ ಮಿಸ್. ಅದ್ಯಾಕೆ ಈಗ?’

‘ಪಟ್ಟಿಗೆ’ ಎಂದೆ. ಅವರು ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಏನೋ ಹೇಳುವವರಿದ್ದರು. ಊಟದ ಗಂಟೆ ಹೊಡೆಯಿತು. ನನ್ನ ಹಾಳೆಯಲ್ಲಿ ನಾನು ಬರೆದುಕೊಂಡದ್ದು ‘ಹೇಳಿದ್ದು ನಿಜ’ ಎಂಬಷ್ಟನ್ನೇ.

ಆ ಸಂಜೆ ಪುಸ್ತಕವನ್ನು ಹೆಡ್ ಮಾಸ್ಟರರ ಮೇಜಿನ ಮೇಲೆ ಇಟ್ಟು, ಪುಟ ತೆರೆದೆ. ಅವರು ಓದಿದರು. ಮತ್ತೊಮ್ಮೆ ಓದಿದರು.

‘ಬರೆದೋರು ಯಾರ್ರಿ?’

‘ಹುಡುಗನೇ ಸಾರ್. ಎಡಗೈಯಲ್ಲಿ.’

‘ಸಾಕ್ಷಿ?’

‘ಅಡುಗೆಯವರು. ಬಾಗಿಲಲ್ಲಿ ನಿಂತು ನೋಡಿದ್ದಾರೆ.’

‘ಇನ್ನೊಂದು?’

ಅವರು ಕನ್ನಡಕದ ಮೇಲಿನಿಂದ ನೋಡಿದರು. ‘ಇನ್ನೊಂದ್ ಸಾಕ್ಷಿ ಯಾರ್ರಿ ಮೇಡಂ?’

‘ಅವತ್ತು ಮೆಟ್ಟಿಲ ಕೆಳಗೆ ನಿಂತು ಬಕೆಟ್ ಎಣಿಸ್ತಾ ಇದ್ದೋರು ನೀವು ಸಾರ್.’

ಫ್ಯಾನಿನ ಗಾಳಿಗೆ ಪುಟ ಮಗುಚಿಕೊಳ್ಳಲು ಹೋಯಿತು. ಅವರು ಅದರ ಮೇಲೆ ಅಂಗೈ ಇಟ್ಟರು. ಅಪಘಾತದ ರಿಜಿಸ್ಟರಿಗೆ ಯಾಕೆ ಸಹಿ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು, ನನಗಲ್ಲ, ಕಿಟಕಿಗೆ ಹೇಳಿದಂತೆ: ‘ಮಕ್ಕಳೆಲ್ಲ ಟಿ.ಸಿ. ತಗೊಂಡ್ ಹೋದ್ರ ಶಾಲಿ ಮುಚ್ತದ ಅಂದ್ರು. ನಾನು ಹೂಂ ಅಂದೆ.’

ಆಮೇಲೆ, ‘ಪುಸ್ತಕ ಇಲ್ಲೇ ಬಿಟ್ಟು ಹೋಗ್ರಿ’ ಎಂದರು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ.

ಅಲ್ಲಿಂದ ರಜೆಯ ದಿನದವರೆಗೆ ಆರು ದಿನ. ಪುಸ್ತಕ ಅವರ ಬೀರುವಿನಲ್ಲಿತ್ತು. ಎದುರಿಗೆ ಸಿಕ್ಕರೆ ಹಾಜರಿ, ಪರೀಕ್ಷೆಯ ಪತ್ರಿಕೆ, ಬೇರೆ ಏನಾದರೂ ಮಾತು. ನಾನು ಲೆಕ್ಕ ಹಾಕುತ್ತಿದ್ದೆ. ಅವರು ಓದದಿದ್ದರೆ ಮೇಟ್ರನ್ ಸುಳ್ಳಿಯಾಗಿಯೇ ಆ ಗೇಟು ದಾಟಬೇಕು. ಓದಿದರೆ ‘ಸುಳ್ಳು ಹಬ್ಬಿಸಿದ್ದರಿಂದ’ ಎಂಬ ಆ ಪತ್ರಕ್ಕೆ ಬೆಲೆ ಇಲ್ಲ, ಎಲ್ಲರ ಎದುರು ಬಿದ್ದುಹೋಗುತ್ತದೆ. ಹೀಗೆಂದು ನಾನು ನಂಬಿದ್ದೆ. ಓದಿದರೆ ಅವರ ಸ್ವಂತ ಕೆಲಸ ಉಳಿಯುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಗೊತ್ತಿದ್ದವಳು ನಾನೊಬ್ಬಳೇ ಅಲ್ಲ. ರಜೆಯ ಹಿಂದಿನ ದಿನ ಕಾರ್ಯದರ್ಶಿ ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು. ಮೆತ್ತಗಿನ ದನಿಯವರು, ಯಾವಾಗಲೂ ನಗುಮುಖ.

‘ಮೇಡಂ, ನಾಳೆ ಲಿಸ್ಟಿಂದು ಒಂದು ಕಾಪಿ ನನಗೂ ಕೊಡಿ.’

‘ಎಚ್.ಎಂ. ಸಾರ್ ಹತ್ರ ಇದೆ ಸಾರ್. ಓದೋ ತನಕ ಯಾರಿಗೂ ತೋರಿಸೋ ಪದ್ಧತಿ ಇಲ್ಲ.’

‘ಪದ್ಧತಿ… ಸರಿ ಸರಿ.’ ಎರಡು ಹೆಜ್ಜೆ ಹೋಗಿ ತಿರುಗಿದರು. ‘ನಿಮ್ದು ಇನ್ನೂ ಪ್ರೊಬೇಷನ್ ಅಲ್ವಾ?’

ಉತ್ತರಕ್ಕೆ ಕಾಯಲಿಲ್ಲ.

ಆ ದಿನ ಬೆಳಿಗ್ಗೆ ಹತ್ತಕ್ಕೇ ತಗಡಿನ ಸೂರು ಕಾದಿತ್ತು. ಟ್ರಂಕುಗಳು, ಹಾಸಿಗೆ ಸುತ್ತಿದ ಕಟ್ಟುಗಳು ಬಾಗಿಲ ಬಳಿ ಒಟ್ಟಾಗಿದ್ದವು. ತಂದೆತಾಯಿಯರು ಕರಪತ್ರ, ಕರ್ಚೀಫು ಸಿಕ್ಕಿದ್ದರಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಕಾರ್ಯದರ್ಶಿ ಮತ್ತು ಇಬ್ಬರು ಟ್ರಸ್ಟಿಗಳು. ಶಿರಾದ ತಾಯಿ ಮೂರನೇ ಸಾಲಿನಲ್ಲಿ, ಮಗನ ಪಕ್ಕ. ಮೇಟ್ರನ್ ಹಿಂದಿನಿಂದ ಎರಡನೇ ಸಾಲಿನಲ್ಲಿ, ಪರ್ಸನ್ನು ಮಡಿಲಲ್ಲಿಟ್ಟು ಕೂತಿದ್ದರು. ಹಸಿರು ಅಂಚಿನ ಸೀರೆ ಉಟ್ಟಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಹೆಡ್ ಮಾಸ್ಟರ್ ಓದಲು ಶುರು ಮಾಡಿದರು. ಪಟ್ಟಿ ತಾರೀಖಿನ ಪ್ರಕಾರ ಇರುತ್ತಿತ್ತು. ಜೂನ್, ಜುಲೈ… ಹೆಸರು ಬಂದವರು ಎದ್ದರು, ಶಾಲೆ ಎದ್ದಿತು, ಕೂತಿತು. ಇನ್ನೂರೈವತ್ತು ಜನ ಒಟ್ಟಿಗೆ ಏಳುವ ಸದ್ದು ಆ ಸೂರಿನಡಿ ಸಣ್ಣದಲ್ಲ. ಗಂಜಿ ಮಾಡಿದ ಅಡುಗೆಯವರು ಎದ್ದಾಗ ಹುಡುಗರು ನಗು ತಡೆದುಕೊಂಡರು. ಸೌಟು ಕೈಯಲ್ಲೇ ಇತ್ತು. ಡಿಸೆಂಬರ್ ಮುಗಿಯಿತು. ಜನವರಿ. ಫೆಬ್ರವರಿಯಲ್ಲಿ ಮೊದಲು ಟ್ಯಾಂಕರ್ ಡ್ರೈವರ್. ಭಾನುವಾರ ಕೂಡ ನೀರು ತಂದದ್ದಕ್ಕೆ. ಆತ ಖಾಕಿ ಅಂಗಿ ಸರಿಮಾಡಿಕೊಂಡು ಎದ್ದು, ಕೂತ.

ಹೆಡ್ ಮಾಸ್ಟರ್ ನೀರು ಕುಡಿದರು. ಲೋಟ ಕೆಳಗಿಟ್ಟರು. ಹಾಳೆ ತಿರುಗಿಸಲಿಲ್ಲ. ಅದನ್ನು ಮಡಚಿ ಜೇಬಿಗೆ ಹಾಕಿ, ಓದದೆ ಹೇಳಿದರು. ಅವರ ಊರಿನ ಮಾತು ಹೋಗಿ ಪುಸ್ತಕದ ಕನ್ನಡ ಬಂದಿತ್ತು.

‘ಫೆಬ್ರವರಿಯಲ್ಲಿ ಪಂಪ್ ಸುಟ್ಟಿತು. ಹುಡುಗರ ಕೈಯಲ್ಲಿ ತಾರಸಿಗೆ ನೀರು ಹೊರಿಸಿದ್ದು ನಾನು. ಆ ಮೆಟ್ಟಿಲಿಗೆ ಕಂಬಿ ಇಲ್ಲವೆಂದು ನನಗೆ ಗೊತ್ತಿತ್ತು. ಎಂಟನೇ ತರಗತಿಯ ಹುಡುಗ ಅಲ್ಲಿಂದ ಬಿದ್ದ. ನಾನು ನೋಡಿದೆ. ಕಬಡ್ಡಿ ಆಡುವಾಗ ಬಿದ್ದನೆಂಬ ಕಾಗದಕ್ಕೆ ಸಹಿ ಹಾಕಿದ್ದೂ ನಾನೇ. ಅವನ ತಾಯಿಗೆ ನಿಜ ಹೇಳಿದ್ದು ನಮ್ಮ ಮೇಟ್ರನ್.’

ಆಮೇಲೆ ಅವರ ಹೆಸರು ಹೇಳಿದರು. ಪೂರ್ತಿ ಹೆಸರು, ತಂದೆಯ ಹೆಸರಿನೊಂದಿಗೆ.

ಕರಪತ್ರಗಳು ಗಾಳಿ ಬೀಸುವುದನ್ನು ನಿಲ್ಲಿಸಿದವು. ಕಾರ್ಯದರ್ಶಿ ನಗುಮುಖದಲ್ಲೇ ಮುಂದಕ್ಕೆ ಬಾಗಿ, ‘ಸಾರ್, ಟೈಮ್ ಆಗ್ತಾ ಇದೆ, ಮುಂದಿಂದು’ ಎಂದರು. ಹೆಡ್ ಮಾಸ್ಟರ್ ಆ ಕಡೆ ನೋಡಲಿಲ್ಲ. ಅವರು ಕಾಯುತ್ತಿದ್ದರು. ಹೆಸರು ಕರೆಸಿಕೊಂಡವರು ಏಳಬೇಕು.

ಮೇಟ್ರನ್ ಏಳಲಿಲ್ಲ.

ಹುಡುಗರು ಹಿಂದಕ್ಕೆ ತಿರುಗಿ ನೋಡಿದರು. ಅವರು ಏಳದೆ ಶಾಲೆ ಏಳುವಂತಿಲ್ಲ. ಪರ್ಸಿನ ಮೇಲೆ ಎರಡೂ ಕೈ ಇಟ್ಟು, ತಲೆ ತಗ್ಗಿಸಿ ಕೂತೇ ಇದ್ದರು. ಎಷ್ಟು ಹೊತ್ತು… ಅರ್ಧ ನಿಮಿಷ ಇರಬಹುದು. ನನಗೆ ಅದು ಉದ್ದವಾಗಿ ಕಂಡಿತು, ಹೆಡ್ ಮಾಸ್ಟರರಿಗೆ ಇನ್ನೂ ಉದ್ದವಾಗಿ ಕಂಡಿರಬೇಕು. ಕೊನೆಗೆ ಕೈ ಮುರಿದುಕೊಂಡಿದ್ದ ಹುಡುಗ ಪದ್ಧತಿ ಮುರಿದು ತಾನೇ ಎದ್ದ. ಅವನ ಸಾಲು ಎದ್ದಿತು. ಇಡೀ ಮಂದಿರ ಎದ್ದಿತು. ತಂದೆತಾಯಿಯರೂ ಎದ್ದರು. ಅಷ್ಟು ಜನರ ಮಧ್ಯೆ ಮೇಟ್ರನ್ ಒಬ್ಬರೇ ಕೂತಿದ್ದರು. ಶಿರಾದ ತಾಯಿ ತಮ್ಮ ಕಡೆ ನಡೆದು ಬರುವುದನ್ನು ಕಂಡು, ಅವರು ಎದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ಭಾವುಕರಾದರು ಎಂದು ನಾನು ಮನಸ್ಸಿನಲ್ಲಿ ಬರೆದುಕೊಂಡೆ. ಅದಕ್ಕೆ ನನ್ನ ಬಳಿ ಒಂದು ಸಾಕ್ಷಿಯೂ ಇರಲಿಲ್ಲ.

ಹೆಡ್ ಮಾಸ್ಟರ್ ಹಾಳೆಯನ್ನು ಜೇಬಿನಿಂದ ತೆಗೆದು ಮಾರ್ಚ್ ತಿಂಗಳಿಗೆ ಹೋದರು. ಕೊನೆಯವರೆಗೂ ದನಿ ಒಂದೇ ಮಟ್ಟದಲ್ಲಿತ್ತು.

ಮುಂದಿನದು ಬೇಗ ನಡೆಯಿತು. ಪೋಷಕರು ಕಾರ್ಯದರ್ಶಿಯನ್ನು ಸುತ್ತುವರಿದರು. ಜೂನಿನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಮೆಟ್ಟಿಲಿಗೆ ಕಂಬಿ ಬಂದಿತ್ತು, ಹೊಸ ಪಂಪೂ ಬಂದಿತ್ತು. ಹೆಡ್ ಮಾಸ್ಟರರ ಕೆಲಸ ಮುಂದುವರಿಯಲಿಲ್ಲ. ಮೇಟ್ರನ್‌ರ ಕೋಣೆಗೆ ಬೇರೆಯವರು ಬಂದಿದ್ದರು. ಹಾಗಾಗುವುದಿಲ್ಲ ಎಂದು ನಂಬಿದ್ದವಳು ನಾನು. ಎಲ್ಲಿ ಹೋದರೆಂದು ಯಾರನ್ನಾದರೂ ಕೇಳಬಹುದಿತ್ತು… ಆ ತಿಂಗಳೇ ನನಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಕೇಳಲಿಲ್ಲ.

ಹೆಡ್ ಮಾಸ್ಟರರ ಮನೆ ಬಸವೇಶ್ವರನಗರದಲ್ಲಿತ್ತು. ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ನಮ್ಮ ಪತ್ರಿಕೆಯಲ್ಲಿ ಕೆಂಪು ಪೆನ್ನಿನ ಗುರುತು ಹಾಕಿ ಇಟ್ಟಿರುತ್ತಿದ್ದರು. ‘ಏನ್ರಿ ಇದು, ಭೀಕರ ಅಪಘಾತ? ಅಪಘಾತದಾಗ ಸೌಮ್ಯ ಅಂತ ಬ್ಯಾರೆ ಇರ್ತಾವೇನು?’ ಎಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ನಾನು ಪ್ರತಿ ಸಲವೂ ಆ ದಿನದ ಮಾತು ತೆಗೆಯುತ್ತಿದ್ದೆ. ಕಚೇರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಆ ಕಥೆ ಹೇಳುತ್ತೇನೆ, ಎರಡನೇ ಸಾಕ್ಷಿ ಅಂದರೆ ಏನು ಎಂದು ಅದರಿಂದಲೇ ಕಲಿಸುತ್ತೇನೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಅವರು ಸುಮ್ಮನೆ ಕೇಳಿ, ‘ಕಾಫಿ ಆರ್ತದ, ಕುಡೀರಿ’ ಎನ್ನುತ್ತಿದ್ದರು. ವಿನಯ ಎಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಿಧನ ವಾರ್ತೆಯನ್ನು ನಾನೇ ಬರೆದೆ. ನಾಲ್ಕು ಸಾಲು. ಆಮೇಲೆ, ಯಾಕೋ, ಮೇಟ್ರನ್‌ಗೆ ವಿಷಯ ತಿಳಿಸಬೇಕು ಅನ್ನಿಸಿತು. ಹಳೆಯ ಅಡುಗೆಯವರಿಂದ ನಂಬರ್ ಸಿಕ್ಕಿತು. ಮೂಡಲಪಾಳ್ಯದ ಒಂದು ಹೆಣ್ಣುಮಕ್ಕಳ ಪಿ.ಜಿ.ಯಲ್ಲಿ ಮೇಲ್ವಿಚಾರಕಿಯಾಗಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡೊಡನೆ ‘ಮಿಸ್ಸು!’ ಎಂದರು. ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟರು. ಸಾವಿನ ಸುದ್ದಿ ಅವರಿಗೆ ಆಗಲೇ ಗೊತ್ತಿತ್ತು. ಹೆಡ್ ಮಾಸ್ಟರರ ಮನೆಯವರೇ ಫೋನ್ ಮಾಡಿದ್ದರಂತೆ.

‘ಅವತ್ತು ನಿಮ್ಮ ಹೆಸರು ಕರೆದಾಗ ನೀವು ಏಳಲೇ ಇಲ್ಲ’ ಎಂದೆ. ಹನ್ನೆರಡು ವರ್ಷದ ಮೇಲೆ ಕೇಳಿದ ಪ್ರಶ್ನೆ.

‘ಹೇಗ್ ಏಳ್ಲಿ ಮಿಸ್? ಪರ್ಸಲ್ಲಿ ಕಾಗದ ಇತ್ತು. ಸೆಕ್ರೆಟರಿ ಸಾರ್ ಹೇಳಿದ್ರು, ನನಗೆ ಸರಿಯಾಗಿ ತಿಳೀದೆ ಹಂಗೆ ಹೇಳ್ಬಿಟ್ಟೆ ಅಂತ ಬರ್ಕೊಡಿ, ಕೆಲ್ಸದಲ್ಲೇ ಇರಿ, ರೂಮಲ್ಲೇ ಇರಿ ಅಂತ. ವಾರ ಒದ್ದಾಡಿ ಸೈನ್ ಹಾಕಿದ್ದೆ. ಫಂಕ್ಷನ್ ಮುಗಿದ್ಮೇಲೆ ಕೊಡೋದು ಅಂತ ಇಟ್ಕೊಂಡಿದ್ದೆ.’

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

‘ಮಗಳನ್ನ ಪಿ.ಯು.ಗೆ ಸೇರಿಸ್ಬೇಕಿತ್ತು. ಆ ತಾಯಿಗೆ ನಿಜ ಹೇಳಿದ್ದು ಅವತ್ತಿಗೇ ಆಗೋಗಿತ್ತು ಮಿಸ್. ಅದಕ್ಕೆ ನನಗೆ ಥ್ಯಾಂಕ್ಸ್ ಬೇಕಿರ್ಲಿಲ್ಲ, ಕೆಲ್ಸ ಬೇಕಿತ್ತು. ಸಾರು ಅಷ್ಟ್ ಜನದ ಮುಂದೆ ಹೇಳಿದ್ಮೇಲೆ ಆ ಕಾಗದ ಯಾರ್ ತಗೋತಾರೆ? ಹರಿದಾಕ್ದೆ. ಅವತ್ತೇ ಕೇಳಿದ್ನಲ್ಲ ನಿಮ್ಮನ್ನ, ಅದ್ಯಾಕೆ ಈಗ ಅಂತ.’

ಕೇಳಿದ್ದರು. ಇಬ್ಬರು ಸಾಕ್ಷಿ ಹುಡುಕಿದ ನಾನೂ ಹೆಡ್ ಮಾಸ್ಟರೂ ನಿಜವೋ ಸುಳ್ಳೋ ಎಂದು ಎಲ್ಲರನ್ನೂ ವಿಚಾರಿಸಿದ್ದೆವು. ಓದಬಹುದೇ ಎಂದು ಅವರೊಬ್ಬರನ್ನು ಕೇಳಿರಲಿಲ್ಲ. ಆ ಪುಸ್ತಕದಲ್ಲಿ ಅದಕ್ಕೊಂದು ಅಂಕಣವೇ ಇರಲಿಲ್ಲ.

‘ಸಾರ್‌ಗೆ ಇದು ಗೊತ್ತಿತ್ತಾ?’ ಎಂದು ಕೇಳಿದೆ.

‘ಮುಂದಿನ್ ವರ್ಷಾನೇ ಬಂದಿದ್ರು, ಹುಡುಕ್ಕೊಂಡು. ಆಗ ಚನ್ನಪಟ್ಟಣದಲ್ಲಿದ್ದೆ. ಹೇಳ್ಬಿಟ್ಟೆ, ಕೋಪ ಇತ್ತಲ್ಲ. ಎದ್ದು ಕೈ ಮುಗಿದ್ರು. ನಾನೇ ಹೆದರ್ಬಿಟ್ಟೆ, ಅಯ್ಯೋ ಬಿಡಿ ಸಾರ್ ಅಂದೆ. ಆಮೇಲೆ ಅವರೇ ಓಡಾಡಿ ಈ ಕೆಲ್ಸ ಕೊಡಿಸಿದ್ರು.’ ಸೆರಗಿನಿಂದ ಮೂಗು ಒರೆಸಿಕೊಂಡರು. ‘ನಿಮ್ಗೆ ಹೇಳ್ಬೇಡಿ ಅಂದಿದ್ರು. ಆ ಹುಡುಗಿ ಒಳ್ಳೇದು ಮಾಡಿದೀನಿ ಅನ್ಕೊಂಡಿದಾಳೆ, ಇರ್ಲಿ ಅಂತ. ಈಗ ಅವ್ರೇ ಇಲ್ವಲ್ಲ… ಕೇಳಿದ್ರಿ, ಹೇಳಿದೆ. ಕಂಬಿ ಹಾಕಿಸಿದ್ರಂತಲ್ಲ, ಅದೊಂದು ಒಳ್ಳೇದಾಯ್ತು ಬಿಡಿ.’

ಹನ್ನೊಂದು ವರ್ಷ. ಪ್ರತಿ ಸಲವೂ ನಾನು ಆ ದಿನವನ್ನು ಅವರ ಮುಂದೆ ಹೆಮ್ಮೆಯಿಂದ ಇಟ್ಟಿದ್ದೆ. ಅವರು ಪ್ರತಿ ಸಲವೂ ನನ್ನ ತಪ್ಪನ್ನೂ ತಮ್ಮ ತಪ್ಪನ್ನೂ ಒಟ್ಟಿಗೆ ನುಂಗಿಕೊಂಡು, ಕಾಫಿ ಆರುತ್ತದೆ ಎಂದಿದ್ದರು. ಕ್ಷಮೆ ಕೇಳಬೇಕೆಂದರೆ ಈಗ ಆ ಮನೆಯಲ್ಲಿ ಅವರ ಫೋಟೊ ಇದೆ.

ಹೊರಡುವಾಗ ಬಾಗಿಲಲ್ಲಿ ನಿಂತು, ‘ಇದನ್ನೆಲ್ಲ ಬರೀಬೇಕು ಅನ್ಸುತ್ತೆ. ಬರೀಲಾ?’ ಎಂದು ಕೇಳಿದೆ.

ಮೇಲಿನಿಂದ ಯಾವಳೋ ಹುಡುಗಿ ‘ಆಂಟಿ, ಗೀಸರ್ ಆನ್ ಆಗ್ತಿಲ್ಲ’ ಎಂದು ಕೂಗಿದಳು. ‘ಬಂದೆ ಇರೇ, ತಣ್ಣೀರಲ್ಲಿ ಸತ್ತೋಗಲ್ಲ’ ಎಂದು ಕೂಗಿ, ನನ್ನ ಕಡೆ ತಿರುಗಿದರು.

‘ಬರೀರಿ. ನನ್ ಹೆಸ್ರು ಹಾಕ್ಬೇಡಿ. ಅವರ್ದೂ ಬೇಡ.’

ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಡ್ ಮಾಸ್ಟರರನ್ನು ಮಾತ್ರ ಕೇಳಲು ಆಗಲಿಲ್ಲ.